ವಾರಂಟಿ ಮುಗಿದ ಹನ್ನೊಂದನೆಯ ದಿನ

ಅನುಮಾನ ಪಡುವುದು ದೊಡ್ಡ ದುರ್ಗುಣವೆಂದು ತುಂಬಾ ಜನ ಹೇಳುತ್ತಾರೆ. ಅವರೆಲ್ಲ ಯಾಕೆ ಹಾಗೆ ಹೇಳುತ್ತಾರೆ ಎಂಬುದರ ಬಗ್ಗೆಯೇ ನನಗೊಂದು ಸಣ್ಣ ಅನುಮಾನವಿದೆ. ತರಕಾರಿಯವನು ತಕ್ಕಡಿ ಎತ್ತಿದಾಗ ಎಲ್ಲರೂ ಮುಳ್ಳನ್ನು ನೋಡಿದರೆ ನಾನು ಅವನ ಕಿರುಬೆರಳನ್ನು ನೋಡುತ್ತೇನೆ. ನಮ್ಮ ಯಜಮಾನರು ಕೇಳದೆಯೇ ಕಾಫಿ ಮಾಡಿಕೊಟ್ಟರೆ ಲೋಟ ಮುಟ್ಟುವ ಮೊದಲು ‘ಏನಾಯ್ತು ಹೇಳಿ’ ಎನ್ನುತ್ತೇನೆ. ಇಷ್ಟು ವರ್ಷಗಳಲ್ಲಿ ಏನೂ ಆಗದೆ ಇದ್ದದ್ದು ಒಂದೆರಡು ಸಲ ಮಾತ್ರ. ಇದರಲ್ಲಿ ನನ್ನ ತಪ್ಪೇನಿಲ್ಲ, ಕಸುಬಿನ ದೋಷ. ಹಲಸೂರಿನ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಪರೀಕ್ಷೆಯ ಹಾಲ್‌ನಲ್ಲಿ ಹುಡುಗನೊಬ್ಬ ಯೋಚಿಸುತ್ತಾ ಫ್ಯಾನ್ ಕಡೆ ನೋಡಿದರೆ ನಾನೂ ಒಂದು ಸಲ ಫ್ಯಾನ್ ನೋಡುತ್ತೇನೆ, ಅಲ್ಲೇನಾದರೂ ಬರೆದಿದ್ದಾನೆಯೇ ಎಂದು. ಒಂದು ವರ್ಷ ನಿಜವಾಗಿಯೂ ಬರೆದಿತ್ತು. ಆಮೇಲಿಂದ ನನ್ನನ್ನು ಹಿಡಿಯುವವರೇ ಇಲ್ಲ.

ಇಂಥ ನಾನು ನಲವತ್ತೇಳನೆಯ ವಯಸ್ಸಿನಲ್ಲಿ ಕಾರು ಕಲಿತೆ. ಕಲಿಸಿದವರು ತಮ್ಮ ಕಾಲ ಕೆಳಗೆ ಇನ್ನೊಂದು ಬ್ರೇಕು ಇಟ್ಟುಕೊಂಡಿದ್ದರು ಎಂಬುದು ಲೈಸೆನ್ಸ್ ಬಂದ ಮೇಲೆ ಗೊತ್ತಾಯಿತು. ಅಲ್ಲಿಯವರೆಗೆ ಕಾರು ನಿಲ್ಲುತ್ತಿದ್ದದ್ದು ನನ್ನಿಂದಲೇ ಎಂದು ತಿಳಿದಿದ್ದೆ. ಏನೇ ಇರಲಿ, ನನ್ನ ಸಂಬಳದಲ್ಲಿ ಒಂದು ಚಿಕ್ಕ ಬಿಳಿ ಕಾರು ತೆಗೆದುಕೊಂಡೆ. ಬಾಣಸವಾಡಿಯಿಂದ ಹಲಸೂರಿಗೆ ಅಷ್ಟು ವರ್ಷ ಬಸ್ಸಿನಲ್ಲಿ ನಿಂತು, ಯಾರದೋ ಮೊಣಕೈ ನನ್ನ ಕನ್ನಡಕಕ್ಕೆ ತಾಗದಂತೆ ಕತ್ತು ಓರೆ ಮಾಡಿಕೊಂಡು ಹೋಗಿದ್ದೇನೆ. ನಮ್ಮದು ಬಾಣಸವಾಡಿಯ ಹಳೇ ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ರೂಮುಗಳಿವೆ. ಮನೆ ತುಂಬಾ ಜನ, ಅಂಗಳದ ತುಂಬಾ ಬಾಡಿಗೆಯವರು. ಶಾಲೆಯಲ್ಲಿ ಒಂದೊಂದು ತರಗತಿಗೆ ಅರವತ್ತು ಮಕ್ಕಳು. ಇವೆರಡರ ನಡುವೆ ಬಾಗಿಲು ಹಾಕಿಕೊಂಡು ನಾನೊಬ್ಬಳೇ ಕೂರುವ ಜಾಗವೆಂದರೆ ಆ ಕಾರು. ಬೆಳಿಗ್ಗೆ ನಲವತ್ತು ನಿಮಿಷ, ಸಂಜೆ ಒಂದು ಗಂಟೆ. ಟ್ರಾಫಿಕ್ ಜಾಮ್ ಆದರೆ ಊರೆಲ್ಲ ಬೈಯುತ್ತದೆ. ನಾನು ಮಾತ್ರ ಒಳಗೊಳಗೇ ಖುಷಿಪಡುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ.

ಕಾರಿನ ವಾರಂಟಿ ಮುಗಿಯುವ ಎರಡು ತಿಂಗಳ ಮೊದಲಿನಿಂದ ಒಬ್ಬ ಹುಡುಗಿ ಫೋನ್ ಮಾಡತೊಡಗಿದಳು. ವಾರಂಟಿಯನ್ನು ಮುಂದುವರಿಸಿಕೊಳ್ಳಿ ಮೇಡಮ್, ಆಮೇಲೆ ತೊಂದರೆಯಾಗುತ್ತದೆ ಮೇಡಮ್ ಎಂದು ಅವಳು ಎಷ್ಟು ಸಿಹಿಯಾಗಿ ಹೇಳುತ್ತಿದ್ದಳೆಂದರೆ, ಇದರಲ್ಲಿ ಏನೋ ಇರಲೇಬೇಕು ಎನಿಸಿತು. ನಿಜವಾಗಿ ನಮಗೆ ಲಾಭವಾಗುವ ವಸ್ತುವನ್ನು ಯಾರಾದರೂ ಒಂಬತ್ತು ಸಲ ಫೋನ್ ಮಾಡಿ ಕೊಡುತ್ತಾರೆಯೇ? ಬೇಡವೇ ಬೇಡ ಎಂದೆ. ವಾರಂಟಿ ಮುಗಿಯಿತು. ಮುಗಿದ ಹನ್ನೊಂದನೆಯ ದಿನ, ಮನೆಯ ಹತ್ತಿರದ ಹಂಪ್ ಹತ್ತಿ ಇಳಿಯುವಾಗ ಮುಂದಿನ ಎಡಗಡೆಯಿಂದ ‘ಕಟ್ ಕಟ್’ ಎಂದು ಸದ್ದು ಬಂತು. ಮೂರು ವರ್ಷ ತುಟಿ ಬಿಚ್ಚದ ಕಾರು ಅದು. ಒಳಗೆಲ್ಲೋ ಒಂದು ಕ್ಯಾಲೆಂಡರ್ ಇಟ್ಟಿರಬೇಕೆಂಬ ನನ್ನ ಅನುಮಾನ ಇವತ್ತಿಗೂ ಪೂರ್ತಿ ಹೋಗಿಲ್ಲ.

ಸರ್ವೀಸ್ ಸೆಂಟರ್‌ಗೆ ಹೋದೆ. ವಾರಂಟಿ ಇದ್ದಾಗ ಅಲ್ಲಿ ಸೋಫಾ ತೋರಿಸಿ ಕೂರಿಸುತ್ತಿದ್ದರು, ಕಾಫಿ ಬರುತ್ತಿತ್ತು. ಈ ಸಲ ಕೌಂಟರ್‌ನಲ್ಲಿದ್ದ ಯುವಕ ಕಂಪ್ಯೂಟರ್ ನೋಡಿ, ‘ಓ, ವಾರಂಟಿ ಮುಗ್ದೋಗಿದೆ ಅಲ್ವಾ ಮೇಡಮ್’ ಎಂದ. ಸಾವಿನ ಮನೆಗೆ ಬಂದವರು ಮಾತಾಡುವ ದನಿ ಅದು. ನಂತರ ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿ, ‘ಸರ್ ಬಂದಿಲ್ವಾ?’ ಎಂದು ಕೇಳಿದ. ನಮ್ಮ ಸರ್‌ಗೆ ಸ್ಟೆಪ್ನಿ ಎಲ್ಲಿದೆ ಎಂಬುದೂ ಗೊತ್ತಿಲ್ಲ ಎಂದು ಹೇಳಬೇಕೆನಿಸಿತು. ಕಾರನ್ನು ಒಳಗೆ ಒಯ್ದು, ಅರ್ಧ ಗಂಟೆಯಲ್ಲಿ ಒಂದು ಉದ್ದದ ಪಟ್ಟಿ ತಂದು ಓದಿದ. ಆ ಪಟ್ಟಿಯ ಪ್ರಕಾರ ನನ್ನ ಕಾರಿನಲ್ಲಿ ಸರಿಯಾಗಿ ಉಳಿದಿದ್ದದ್ದು ಹಾರ್ನ್ ಮತ್ತು ಸೀಟು ಮಾತ್ರ. ‘ಇದ್ರಲ್ಲಿ ಆ ಕಟ್ ಕಟ್ ಯಾವ್ದಪ್ಪ?’ ಎಂದು ಕೇಳಿದೆ. ‘ಎಲ್ಲಾ ಚೇಂಜ್ ಮಾಡಿದ್ರೆ ಅದೂ ಹೋಗುತ್ತೆ ಮೇಡಮ್’ ಎಂದ. ಉತ್ತರ ಗೊತ್ತಿಲ್ಲದೆ ಗೊತ್ತಿರುವ ಸೂತ್ರಗಳನ್ನೆಲ್ಲ ಬರೆದಿಡುವ ಹುಡುಗರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೀ ಇಸಿದುಕೊಂಡು ಬಂದುಬಿಟ್ಟೆ.

ಮನೆಯಲ್ಲಿ ವಿಷಯ ತಿಳಿದು ಯಜಮಾನರು, ‘ಮಾರ್ಬಿಡಣ ಶಾರದಾ. ವಾರಂಟಿ ಇಲ್ದಿರೋ ಗಾಡಿ ಇಟ್ಕೊಂಡ್ರೆ ದಿನಾ ಇದೇ ರಗಳೆ. ಮಂಜುನಾಥ ತಗೋತೀನಿ ಅಂತಿದ್ದ’ ಎಂದರು. ಮಂಜುನಾಥ ಎಂದರೆ ಕೆ.ಆರ್. ಪುರದಲ್ಲಿರುವ ಅವರ ದೊಡ್ಡಪ್ಪನ ಮಗ. ಸದ್ದು ಬಂದು ಎರಡು ದಿನವೂ ಆಗಿಲ್ಲ, ಕೊಳ್ಳುವವನು ತಯಾರು. ಹೋದ ವಾರ ಮನೆಗೆ ಬಂದಿದ್ದಾಗ ಮಂಜುನಾಥ ಕಾರಿನ ಸುತ್ತ ಎರಡು ಸುತ್ತು ಹಾಕಿ, ಮುಂದಿನ ಎಡ ಚಕ್ರದ ಹತ್ತಿರ ಕೂತು ಚಪ್ಪಲಿ ಸರಿಮಾಡಿಕೊಂಡದ್ದು ನನಗೆ ತಟ್ಟನೆ ನೆನಪಾಯಿತು. ಚಪ್ಪಲಿಯಲ್ಲಿ ಸರಿಮಾಡುವಂಥದ್ದು ಏನಿರುತ್ತದೆ? ಮಾತಿಗೆ ಮಾತು ಬೆಳೆದು ಕೊನೆಗೆ ಒಂದು ಒಪ್ಪಂದವಾಯಿತು. ಭಾನುವಾರ ಮಂಜುನಾಥ ಬರುತ್ತಾನೆ, ಮೂವರೂ ಒಂದು ಸುತ್ತು ಹೋಗಿಬರುವುದು. ಸದ್ದು ಇಲ್ಲದಿದ್ದರೆ ಕಾರು ನನ್ನದು, ಇದ್ದರೆ ಮಂಜುನಾಥನದು. ಆಮೇಲೆ ನನಗೆ ಮತ್ತೆ ಬಸ್ಸು, ಮತ್ತೆ ಮೊಣಕೈ. ಅವತ್ತು ಬುಧವಾರ.

ನಮ್ಮ ಬಾಡಿಗೆ ರೂಮಿನಲ್ಲಿ ಯಾದಗಿರಿ ಕಡೆಯ ಶರಣಪ್ಪ ಇದ್ದಾನೆ, ಟ್ಯಾಕ್ಸಿ ಓಡಿಸುತ್ತಾನೆ. ನಾನು ಹಂಪ್ ಮೇಲೆ ಕಾರನ್ನು ಹಿಂದೆ ಮುಂದೆ ಮಾಡಿ ಸದ್ದು ಕೇಳುತ್ತಿದ್ದದ್ದನ್ನು ನೋಡಿ ಹತ್ತಿರ ಬಂದ. ‘ಅಕ್ಕಾರ, ಮರ್ಫಿ ಟೌನ್‌ನಾಗ ಮುನಿಸ್ವಾಮಿ ಅಂತ ಅದಾರ್ರಿ. ಭಾಳ ಚಲೋ ಕೆಲ್ಸ. ನನ್ನ ಗಾಡಿ ಅಲ್ಲೇ ತೋರಸ್ತೀನ್ರಿ’ ಎಂದ. ‘ಗಿರಾಕಿ ಕಳ್ಸಿದ್ರೆ ನಿನಗೇನಾದ್ರೂ ಕೊಡ್ತಾರಾ?’ ಎಂದು ಕೇಳಿದೆ. ಅವನು ಸ್ವಲ್ಪವೂ ಬೇಜಾರು ಮಾಡಿಕೊಳ್ಳದೆ, ‘ಕೊಡ್ತಾರ್ರಿ, ಚಾ’ ಎಂದ. ಇಷ್ಟು ಸುಲಭವಾಗಿ ಒಪ್ಪಿಕೊಳ್ಳುವವನನ್ನು ನಂಬುವುದೋ ಬಿಡುವುದೋ ತಿಳಿಯಲಿಲ್ಲ. ಆದರೆ ಬೇರೆ ದಾರಿಯೂ ಇರಲಿಲ್ಲ.

ಗ್ಯಾರೇಜುಗಳಲ್ಲಿ ಹೊಸ ಭಾಗ ಹಾಕಿದೆವೆಂದು ಹೇಳಿ ಹಳೆಯದನ್ನೇ ಒರೆಸಿ ಕೂರಿಸುತ್ತಾರೆ, ಒಳ್ಳೆಯದನ್ನು ಬಿಚ್ಚಿಕೊಂಡು ಬೇರೆಯವರ ಹಾಳು ಸಾಮಾನು ತುಂಬುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಕೇಳಿದ್ದೆ. ಉತ್ತರ ಪತ್ರಿಕೆ ಬದಲಾಗದಂತೆ ಪ್ರತಿ ಹಾಳೆಗೂ ಸಹಿ ಹಾಕುವವಳು ನಾನು. ಶುಕ್ರವಾರ ಸಂಜೆ ಮಗಳ ಕಡುಗೆಂಪು ನೇಲ್ ಪಾಲಿಶ್ ತೆಗೆದುಕೊಂಡು ಬಾನೆಟ್ ಎತ್ತಿ, ಕಣ್ಣಿಗೆ ಕಂಡ ಪ್ರತಿಯೊಂದಕ್ಕೂ ಒಂದೊಂದು ಚುಕ್ಕೆ ಇಟ್ಟೆ. ಬ್ಯಾಟರಿಗೆ, ಅದರ ತಂತಿಗಳಿಗೆ, ನೀರಿನ ಡಬ್ಬಿಗೆ, ಅದರ ಮುಚ್ಚಳಕ್ಕೆ, ಹೆಸರು ಗೊತ್ತಿಲ್ಲದ ಕೊಳವೆಗಳಿಗೆಲ್ಲ. ಎಷ್ಟು ಚುಕ್ಕೆ ಎಂದು ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡು ಪರ್ಸಿನಲ್ಲಿ ಇಟ್ಟುಕೊಂಡೆ. ಮಗಳು ನೋಡಿ, ‘ಅಮ್ಮಾ, ಕಾರಿಗೆ ಅಮ್ಮ ಆಗಿದ್ಯಾ?’ ಎಂದಳು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮರ್ಫಿ ಟೌನ್‌ಗೆ ಹೋದೆ. ಒಂದು ಕಾರು ನಿಂತರೆ ಇನ್ನೊಂದು ಬೀದಿಯಲ್ಲಿ ನಿಲ್ಲಬೇಕಾದಂಥ ಗ್ಯಾರೇಜು. ಮುನಿಸ್ವಾಮಿ ಅರವತ್ತರ ಹತ್ತಿರದ ಸಣಕಲು ಮನುಷ್ಯ. ನಾನು ಸದ್ದಿನ ಇತಿಹಾಸ ಹೇಳುತ್ತಿದ್ದರೆ ಅವರು ಸುಮ್ಮನೆ ಬಾನೆಟ್ ಎತ್ತಿದರು. ಎತ್ತಿ, ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ಬಾನೆಟ್ ಮುಚ್ಚಿ, ‘ಮೇಡಮ್, ನೀವು ಪೊಟ್ಟು ಇಟ್ಟಿರೋದು ಎಲ್ಲಾ ಚೆನ್ನಾಗೈತೆ. ಒಂದಕ್ಕೂ ಒಂದೂ ಆಗಿಲ್ಲ. ಇಡದೇ ಇರೋ ಕಡೆ ನೋಡಣ’ ಎಂದರು. ನನ್ನ ಮುಖ ಆ ಚುಕ್ಕೆಗಳ ಬಣ್ಣಕ್ಕೇ ತಿರುಗಿರಬೇಕು.

ಜಾಕ್ ಕೊಟ್ಟು ಎಡ ಚಕ್ರ ಬಿಚ್ಚಿ, ಒಳಗಿನ ಒಂದು ಗೇಣುದ್ದದ ಕಡ್ಡಿಯನ್ನು ಅಲ್ಲಾಡಿಸಿ ತೋರಿಸಿದರು. ಕಟ್ ಕಟ್ ಎಂದಿತು. ‘ಲಿಂಕ್ ರಾಡ್. ಇದು ಒಂದೇ ಹೋಗಿರೋದು. ನಾನು ತಂದ್ರೆ ನಿಮಗೆ ಡೌಟ್ ಬರುತ್ತೆ. ನೀವೇ ಶಿವಾಜಿನಗರಕ್ಕೆ ಹೋಗಿ ತಗೊಂಡು ಬನ್ನಿ’ ಎಂದು ಹಳೆಯದನ್ನು ಬಿಚ್ಚಿ ಪೇಪರಿನಲ್ಲಿ ಸುತ್ತಿ ಕೈಗೆ ಕೊಟ್ಟರು. ಆಟೋ ಹತ್ತಿದೆ. ಮೊದಲನೆಯ ಅಂಗಡಿಯವರು ಅದನ್ನು ನೋಡಿ, ‘ಒರಿಜಿನಲ್ ಬೇಕಾ ಮೇಡಮ್, ಒರಿಜಿನಲ್ ಥರಾ ಬೇಕಾ?’ ಎಂದು ಕೇಳಿದರು. ‘ಎರಡಕ್ಕೂ ಏನು ವ್ಯತ್ಯಾಸ?’ ಎಂದರೆ, ‘ಡಬ್ಬಾ’ ಎಂದರು. ಎರಡನೆಯ ಅಂಗಡಿಯವರು, ಮೊದಲನೆಯವರ ಹತ್ತಿರ ಇರುವ ಒರಿಜಿನಲ್ ಕೂಡ ಥರಾ ಎಂದರು. ಮೂರನೆಯವರು ಇಬ್ಬರ ಬಗ್ಗೆಯೂ ಒಂದೂ ಮಾತಾಡಲಿಲ್ಲ, ಅದೇ ನನಗೆ ಜಾಸ್ತಿ ಅನುಮಾನ ತಂದಿತು. ಒಂದೂವರೆ ಗಂಟೆ ಅಲೆದು ಕೊನೆಗೆ ಮೊದಲನೆಯ ಅಂಗಡಿಯಲ್ಲೇ ತೆಗೆದುಕೊಂಡೆ. ನಾನೇ ತಂದ ಸಾಮಾನು ಸರಿಯಿಲ್ಲದಿದ್ದರೆ ಬೈಯಲು ಯಾರೂ ಉಳಿಯುವುದಿಲ್ಲವಲ್ಲ ಎಂಬುದು ವಾಪಸು ಬರುವಾಗ ಹೊಳೆಯಿತು.

ಮುನಿಸ್ವಾಮಿ ಕೆಲಸ ಮಾಡುವಾಗ ನಾನು ಸ್ಟೂಲು ಹಾಕಿಕೊಂಡು ಎದುರಿಗೇ ಕೂತೆ. ಹೊಸ ರಾಡು ಕೂತಿತು. ಚಕ್ರವನ್ನು ಜಾಗಕ್ಕಿಟ್ಟು ನಾಲ್ಕು ನಟ್ಟುಗಳನ್ನು ಕೈಯಿಂದ ತಿರುಗಿಸಿದರು. ‘ಟೈಟ್ ಆಗುತ್ತಲ್ವಾ?’ ಎಂದೆ. ‘ಆಗುತ್ತೆ ಮೇಡಮ್.’ ‘ಸರಿಯಾಗಿ ಟೈಟ್ ಮಾಡ್ತೀರಲ್ವಾ?’ ‘ಮಾಡ್ತೀನಿ ಮೇಡಮ್.’ ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ಅವರು ಎದ್ದು, ವ್ಹೀಲ್ ಸ್ಪ್ಯಾನರನ್ನು ನನ್ನ ಕೈಗಿಟ್ಟು, ‘ತಗೊಳ್ಳಿ, ನೀವೇ ಮಾಡಿ. ಯಾರ ಮೇಲೂ ಡೌಟ್ ಇರಲ್ಲ’ ಎಂದು ಪಕ್ಕಕ್ಕೆ ಸರಿದು ನಿಂತರು. ಬಿಡುವ ಜಾತಿ ನಾನಲ್ಲ. ಸೆರಗು ಸಿಕ್ಕಿಸಿ, ನಾಲ್ಕು ನಟ್ಟುಗಳನ್ನೂ ಉಸಿರು ಬಿಗಿಹಿಡಿದು ತಿರುಗಿಸಿದೆ. ನಲ್ಲಿಯ ಹತ್ತಿರ ಹೋಗಿ ಕೈ ತೊಳೆದು ಬಂದು, ಅವರು ಕೇಳಿದಷ್ಟು ದುಡ್ಡು ಕೊಟ್ಟು ಹೊರಟೆ. ಹಂಪ್ ಮೇಲೆ ಹತ್ತಿಸಿದರೆ ಸದ್ದೇ ಇಲ್ಲ. ಬಾಣಸವಾಡಿಯವರೆಗೆ ಒಬ್ಬಳೇ ನಗುತ್ತಾ ಬಂದೆ.

ಭಾನುವಾರ ಬೆಳಿಗ್ಗೆ ಮಂಜುನಾಥ ಬಂದು ಸ್ಟಿಯರಿಂಗ್ ಹಿಡಿದ. ಯಜಮಾನರು ಪಕ್ಕದಲ್ಲಿ, ನಾನು ಹಿಂದೆ. ಒಂದು ಹಂಪ್ ಆಯಿತು, ಎರಡಾಯಿತು. ಯಜಮಾನರು ಕಿವಿಗೊಟ್ಟು ಕೂತಿದ್ದರು, ಅವರ ಮುಖ ಸಪ್ಪಗಾಯಿತು. ‘ಹೂವಿದ್ದಂಗೈತೆ ಅತ್ತಿಗೆ’ ಎಂದ ಮಂಜುನಾಥ. ನಾನು ಗೆದ್ದಿದ್ದೆ. ರಿಂಗ್ ರೋಡಿಗೆ ಬಂದದ್ದೇ ಅವನು ವೇಗ ಹೆಚ್ಚಿಸಿದ. ಆಗ, ಯಾವ ಕಾರಣವೂ ಇಲ್ಲದೆ, ನಾನು ಆ ನಟ್ಟುಗಳನ್ನು ಯಾವ ಕಡೆಗೆ ತಿರುಗಿಸಿದೆ ಎಂಬ ಪ್ರಶ್ನೆ ಎದ್ದಿತು. ಬಲಕ್ಕೆ ತಿರುಗಿಸಿದರೆ ಬಿಗಿ. ನಾನು ತಿರುಗಿಸಿದ್ದು ಬಲಕ್ಕೇ. ಆದರೆ ನನ್ನ ಬಲವೋ, ಚಕ್ರದ ಬಲವೋ? ನಾಲ್ಕನ್ನೂ ಮಾಡಿದೆನೋ, ಮೊದಲನೆಯದನ್ನೇ ಎರಡು ಸಲ ಮಾಡಿದೆನೋ? ಮುನಿಸ್ವಾಮಿ ಮಾಡಿದ್ದರೆ ಅವರನ್ನು ಅನುಮಾನಿಸಿಕೊಂಡು ನೆಮ್ಮದಿಯಾಗಿ ಕೂರಬಹುದಿತ್ತು. ಮಾಡಿದವಳು ನಾನು, ಜೀವಮಾನದಲ್ಲಿ ಒಂದು ಉಪ್ಪಿನಕಾಯಿ ಜಾಡಿಯ ಮುಚ್ಚಳವನ್ನೂ ನೆಟ್ಟಗೆ ತಿರುಗಿಸದವಳು. ಮಂಜುನಾಥನಿಗೆ ಇಬ್ಬರು ಚಿಕ್ಕ ಮಕ್ಕಳು.

‘ಗಾಡಿ ನಿಲ್ಸು’ ಎಂದೆ. ನಿಲ್ಲಿಸಿದ. ಸದ್ದೇ ಇಲ್ಲವಲ್ಲ, ಯಾಕೆ ಎಂದು ಯಜಮಾನರು ಕೇಳಿದರು. ಬಾಯಿ ಮುಚ್ಚಿಕೊಂಡಿದ್ದರೆ ಕಾರು ನನ್ನದೇ ಆಗಿತ್ತು. ಆದರೂ ಹೇಳಿಬಿಟ್ಟೆ, ಮುಂದಿನ ಎಡ ಚಕ್ರದ ನಟ್ಟುಗಳನ್ನು ಬಿಗಿ ಮಾಡಿದ್ದು ನಾನು ಎಂದು. ಮಂಜುನಾಥ ಮೆಲ್ಲಗೆ ಇಳಿದು, ‘ನಂಗೆ ಇಲ್ಲೇ ಕೆ.ಆರ್. ಪುರ ಹತ್ರ ಆಯ್ತದೆ ಅಣ್ಣ’ ಎಂದು ಹೇಳಿ ಆಟೋಗೆ ಕೈ ತೋರಿಸಿದ. ಈ ಕಾರಿನ ಮಾತನ್ನು ಅವನು ಆಮೇಲೆ ಎತ್ತಿಲ್ಲ.

ಅಲ್ಲಿಂದ ಮರ್ಫಿ ಟೌನ್‌ವರೆಗೆ ನಾನು ಸೈಕಲ್ ವೇಗದಲ್ಲಿ ಓಡಿಸಿದೆ. ಯಜಮಾನರು ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಇದೆ, ಇನ್ನೂ ಇದೆ’ ಎಂದು ಚಕ್ರದ ಸಮಾಚಾರ ಹೇಳುತ್ತಾ ಬಂದರು. ಗ್ಯಾರೇಜಿನ ಹಿಂದೆಯೇ ಮುನಿಸ್ವಾಮಿಯ ಮನೆ. ತಿಂಡಿ ತಿನ್ನುತ್ತಿದ್ದವರು ಕೈ ತೊಳೆದುಕೊಂಡು ಬಂದರು. ನಾನು ಎಲ್ಲವನ್ನೂ ಹೇಳಿ, ದಯವಿಟ್ಟು ಒಂದು ಸಲ ನೋಡಿ ಎಂದೆ. ಅವರು ಚಕ್ರದ ಕಡೆ ತಿರುಗಿಯೂ ನೋಡಲಿಲ್ಲ.

‘ನಿನ್ನೇನೇ ಟೈಟ್ ಮಾಡ್ದೆ ಮೇಡಮ್. ನೀವು ಕೈ ತೊಳಿಯಕ್ಕೆ ಹೋದ್ರಲ್ಲ, ಆವಾಗ.’

‘ಯಾಕೆ?’

‘ನಿಮ್ ಮೇಲೆ ಡೌಟ್ ಬಂತು.’

ಯಜಮಾನರು ನಕ್ಕ ನಗು ಇಡೀ ಬೀದಿಗೆ ಕೇಳಿಸಿತು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಜೀವ ಉಳಿಯಿತು, ಕಾರು ಉಳಿಯಿತು, ಎಲ್ಲ ಸರಿ. ಆದರೆ ಇಪ್ಪತ್ತಾರು ವರ್ಷ ಪಾಠ ಮಾಡಿದ ಒಬ್ಬ ಹೆಂಗಸನ್ನು, ಅವಳು ಆ ಕಡೆ ತಿರುಗಿದ್ದೇ ತಡ, ಹೀಗೆ ಬೆನ್ನ ಹಿಂದೆ ಪರೀಕ್ಷೆ ಮಾಡುವುದೆಂದರೆ ಏನರ್ಥ? ಮನುಷ್ಯರ ಮೇಲೆ ಒಂದು ನಂಬಿಕೆ ಬೇಡವೇ?