ಹದಿನಾಲ್ಕನೇ ನಂಬರಿನ ಕೊಕ್ಕರೆ

ತೊಂದರೆ ಶುರುವಾದದ್ದು ಒಂದು ಕೊಕ್ಕರೆಯಿಂದ.

ಶುಕ್ರವಾರ ಸಂಜೆ ಶಿವರಾಮ್ ಚಿಕ್ಕಜಾಲದ ಹತ್ತಿರದ ಹೊಸ ಲೇಔಟಿನಲ್ಲಿ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ತಮ್ಮ ಮುಪ್ಪಿನ ಆಸರೆಯನ್ನು ಒಮ್ಮೆ ಕಣ್ತುಂಬ ನೋಡೋಣವೆಂದು ಕತ್ತೆತ್ತಿದರೆ, ಹದಿನಾಲ್ಕನೇ ನಂಬರಿನ ಸೈಟಿನ ನಟ್ಟನಡುವೆ ಒಂದು ಬಿಳಿ ಕೊಕ್ಕರೆ ಒಂಟಿಕಾಲಿನಲ್ಲಿ ನಿಂತಿತ್ತು. ಮನೆ ಖಾಲಿ ಮಾಡಿಸಲು ಬಂದ ಮಾಲೀಕನನ್ನು ಹಳೇ ಬಾಡಿಗೆದಾರ ನೋಡುವ ಹಾಗೆ ಅವರನ್ನು ನೋಡಿತು. ಕದಲಲಿಲ್ಲ.

ಇನ್ನೊಬ್ಬರಾಗಿದ್ದರೆ ಹುಶ್ ಎಂದು ಓಡಿಸಿ ಮನೆಗೆ ಹೋಗುತ್ತಿದ್ದರು. ಶಿವರಾಮ್ ಹಾಗಲ್ಲ. ಯಶವಂತಪುರದ ಪಂಪು ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಮನೆಯಿಂದ ಹೊರಟರೆ ಬೀಗ ಎಳೆದು ನೋಡಿ, ಗೇಟಿನ ತನಕ ಹೋಗಿ, ಎಳೆದದ್ದು ನಿಜವೋ ಸುಳ್ಳೋ ಎಂಬ ಅನುಮಾನ ಬಂದು, ವಾಪಸು ಹೋಗಿ ಮತ್ತೆ ಎಳೆಯುವವರು. ಅಂಥವರ ತಲೆಯೊಳಗೆ ಆ ಹಕ್ಕಿ ಒಂದು ಪ್ರಶ್ನೆಯ ಮೊಟ್ಟೆಯಿಟ್ಟಿತು. ನೀರಿಲ್ಲದ ಕಡೆ ಕೊಕ್ಕರೆಗೆ ಏನು ಕೆಲಸ?

ಬರುವ ಯುಗಾದಿಯ ಹೊತ್ತಿಗೆ ಅವರಿಗೆ ನಿವೃತ್ತಿ. ಆಮೇಲೆ ಬರುವ ಪಿಂಚಣಿ ಹಾಲಿಗೆ ಸಾಕು. ಹಾಲಿಗೆ ಸಕ್ಕರೆಯೂ ಬೇಕೆಂದರೆ ಬೇರೆ ದಾರಿ ನೋಡಿಕೊಳ್ಳಬೇಕು. ಎರಡು ವರ್ಷದ ಹಿಂದೆ ಕಾರ್ಖಾನೆಯವರು ಟೈ ಕಟ್ಟಿದ ಒಬ್ಬ ಮಹಾಶಯನನ್ನು ಕರೆಸಿ ಭಾಷಣ ಮಾಡಿಸಿದ್ದರು. "ದುಡ್ಡೆಲ್ಲ ಒಂದೇ ಕಡೆ ಇಡಬೇಡಿ. ಅರ್ಧ ಭದ್ರವಾಗಿರಲಿ, ಅರ್ಧ ಬೆಳೆಯಲಿ" ಎಂದು ಅವನು ಹೇಳಿದ್ದನ್ನು ಉಳಿದವರೆಲ್ಲ ಸಮೋಸ ತಿನ್ನುತ್ತ ಕೇಳಿದರು, ಶಿವರಾಮ್ ಸಮೋಸ ಆರಿಹೋಗುವ ತನಕ ಕೇಳಿದರು. ಅದರಂತೆ ಐದು ಲಕ್ಷವನ್ನು ಬ್ಯಾಂಕಿನ ಎಫ್‌ಡಿಯಲ್ಲಿಟ್ಟರು. ಭದ್ರತೆಗೆ ಇನ್ನೊಂದು ಭದ್ರತೆ ಇರಲಿ ಎಂದು ಅದನ್ನು ಹೆಂಡತಿ ಧನಲಕ್ಷ್ಮಿಯ ಹೆಸರಿನಲ್ಲಿ ಮಾಡಿಸಿದರು. ಆಮೇಲೆ ಒಂದು ತಿಂಗಳು ನಿದ್ದೆಗೆಟ್ಟು, ಇನ್ನು ನಾಲ್ಕು ಲಕ್ಷವನ್ನು ಬಿಲ್ಡರ್ ಅನಂತರಾಜುವಿಗೆ ಸೈಟಿನ ಅಡ್ವಾನ್ಸ್ ಎಂದು ಕೊಟ್ಟರು. ಮಿಕ್ಕದ್ದು ಪಿ.ಎಫ್. ಬಂದ ಮೇಲೆ.

ಸೈಟಿನ ವಿಷಯ ಧನಲಕ್ಷ್ಮಿಗೆ ಗೊತ್ತಿರಲಿಲ್ಲ. ಮದುವೆಯಾದಾಗಿನಿಂದ ಆಕೆ ಹೇಳುತ್ತಿದ್ದುದು ಒಂದೇ ಮಾತು: "ಊರೋರೆಲ್ಲ ಸೈಟು ತಗೊಂಡ್ರು. ನಿಮ್ಮ ಕೈಲಿ ಕುಕ್ಕರ್ ತಗೊಳ್ಳೋಕೂ ಧೈರ್ಯ ಇಲ್ಲ." ನಿವೃತ್ತಿಯ ದಿನ ಹಾರ ಹಾಕಿಕೊಂಡು ಮನೆಗೆ ಬಂದು, ಸೈಟಿನ ಪತ್ರವನ್ನು ಆಕೆಯ ಕೈಯಲ್ಲಿಟ್ಟು, ಏನೂ ಮಾತಾಡದೆ ಕುರ್ಚಿಯಲ್ಲಿ ಕೂರಬೇಕೆಂದು ಶಿವರಾಮ್ ನಿಶ್ಚಯಿಸಿದ್ದರು. ಹೇಗೆ ಕೂರಬೇಕೆಂದು ಒಂದೆರಡು ಸಲ ಅಭ್ಯಾಸವನ್ನೂ ಮಾಡಿದ್ದರು.

ಈಗ ಆ ಕುರ್ಚಿಯ ಕೆಳಗೆ ನೀರು ಕಾಣತೊಡಗಿತು.

ಶನಿವಾರ ರಜೆ ಹಾಕಿ, ಬೆಳಿಗ್ಗೆಯೇ ಯಲಹಂಕ ಕೆರೆಯ ಪಕ್ಕದ ಟೀ ಅಂಗಡಿಗೆ ಹೋದರು. ಅಲ್ಲಿಯ ಬೆಂಚಿನ ಮೇಲೆ ಚಿಕ್ಕಮುನಿಯಪ್ಪ ಇದ್ದೇ ಇರುತ್ತಿದ್ದ. ಒಂದು ಕಾಲಕ್ಕೆ ಅವನಿಗೆ ಆ ಕಡೆಯೆಲ್ಲ ಹೊಲವಿತ್ತು. ಈಗ ಬಾಡಿಗೆ ಮನೆಗಳಿವೆ, ಹೊತ್ತು ಬೇಕಾದಷ್ಟಿದೆ.

"ಮುನಿಯಪ್ಪಣ್ಣ, ಒಂದು ಮಾತು. ಚಿಕ್ಕಜಾಲದ ಹತ್ರ ಅನಂತರಾಜು ಲೇಔಟ್ ಮಾಡಿದಾನಲ್ಲ, ಆ ಜಾಗ ಹಿಂದೆ ಕೆರೆ ಗಿರೆ ಏನಾದ್ರೂ ಆಗಿತ್ತಾ?"

ಚಿಕ್ಕಮುನಿಯಪ್ಪ ಲೋಟ ಕೆಳಗಿಟ್ಟ. "ಯಾಕ್ ಸಾಮಿ? ಯಾರಾನಾ ಏನಾನಾ ಅಂದ್ರಾ?"

"ಇಲ್ಲಪ್ಪ. ಸುಮ್ಮನೆ. ನನ್ನ ಫ್ರೆಂಡ್ ಒಬ್ಬರು ಕೇಳ್ತಿದ್ರು."

"ಫ್ರೆಂಡು ಕೇಳ್ತಾವ್ರೆ ಅಂದ್ರೆ ಏನೋ ಐತೆ ಬುಡಿ. ಓದ್ಕಂಡಿರೋರು ಸುಮ್ಸುಮ್ನೆ ಕೇಳಾಕಿಲ್ಲ."

ಶಿವರಾಮ್ ಟೀ ಅರ್ಧಕ್ಕೇ ಬಿಟ್ಟು ಎದ್ದರು. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುವಾಗ ಲೆಕ್ಕಪತ್ರದ ಮೇಷ್ಟ್ರು ಒಂದು ಮಾತು ಹೇಳಿಕೊಟ್ಟಿದ್ದರು: ಒಂದು ವೋಚರ್ ಇದ್ದರೆ ಅನುಮಾನಪಡಿ, ಎರಡಾದರೆ ಯೋಚಿಸಿ, ಮೂರು ಸಿಕ್ಕರೆ ಲೆಕ್ಕಕ್ಕೆ ಹಿಡಿಯಿರಿ. ಮೇಷ್ಟ್ರು ಹೋಗಿ ಎಷ್ಟೋ ವರ್ಷವಾಗಿತ್ತು. ಶಿವರಾಮ್ ಈಗಲೂ ತೊಗರಿಬೇಳೆಯ ರೇಟನ್ನು ಮೂರು ಅಂಗಡಿಯಲ್ಲಿ ವಿಚಾರಿಸಿಯೇ ಕೊಳ್ಳುತ್ತಿದ್ದರು. 'ಏನೋ ಐತೆ' ಎಂಬುದು ಒಂದು ವೋಚರ್. ಇನ್ನೆರಡು ಬೇಕು.

ತಮ್ಮದೇ ಬೀದಿಯಲ್ಲಿ ಚೀಟಿ ನಡೆಸುವ ದ್ರೌಪದಮ್ಮನ ಮನೆಗೆ ಅವರು ನೇರವಾಗಿ ಹೋಗಲಿಲ್ಲ. ಅನುಮಾನ ಬರಬಾರದಲ್ಲ. ಮನೆಗೆ ಹೋಗಿ, ಸ್ನಾನ ಮಾಡಿ, ಉಪ್ಪಿಟ್ಟು ತಿಂದು, ಧನಲಕ್ಷ್ಮಿ ಕೇಳದಿದ್ದರೂ ಕರಿಬೇವು ತರುತ್ತೇನೆಂದು ಹೊರಟು, ಸುತ್ತು ಹಾಕಿಕೊಂಡು ಹೋದರು. ದ್ರೌಪದಮ್ಮ ಆಗತಾನೇ ಮಾರ್ಕೆಟ್ಟಿನಿಂದ ಬಂದು ಚೀಲ ಇಳಿಸುತ್ತಿದ್ದಳು.

"ಬಾಪ್ಪಾ ಶಿವರಾಮು. ವಿಷ್ಯ ಗೊತ್ತಾಯ್ತಾ? ಅನಂತರಾಜು ಲೇಔಟು ಪೂರ್ತಿ ಕೆರೆ ಅಂಗಳವಂತೆ."

ಶಿವರಾಮ್ ಇನ್ನೂ ಬಾಯಿಯನ್ನೇ ತೆರೆದಿರಲಿಲ್ಲ. "ಯಾ... ಯಾರು ಹೇಳಿದ್ರಮ್ಮ?"

"ಯಾರ್ ಹೇಳಿದ್ರೇನು? ಯಾರೋ ದೊಡ್ಡ ಮನುಷ್ಯರೇ ಬಂದು ವಿಚಾರಿಸ್ಕೊಂಡು ಹೋದ್ರಂತೆ. ಸರ್ವೆಯೋರೇ ಇರ್ಬೇಕು. ದುಡ್ ಹಾಕ್ದೋರ ಗತಿ ಗೋವಿಂದ." ಆಕೆ ಕತ್ತು ಓರೆ ಮಾಡಿ ನೋಡಿದಳು. "ನಿಂದೇನೂ ಇಲ್ಲ ತಾನೆ ಅಲ್ಲಿ?"

"ಛೆ ಛೆ."

"ಅದೇ ಅಂದ್ಕೊಂಡೆ. ನಿಂಗೆಲ್ಲಿಂದ ಬರ್ಬೇಕು ಅಷ್ಟೊಂದ್ ಧೈರ್ಯ."

ಎರಡನೇ ವೋಚರ್. ಶಿವರಾಮ್ ಸ್ಕೂಟರಿಗೆ ಒದ್ದರು. ಅದು ಮುದುಕರ ಹಾಗೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಏನೂ ಹೇಳದೆ ಸುಮ್ಮನಾಯಿತು. ಮೂಲೆಯಲ್ಲಿ ಮುಜಫ್ಫರ್ ತನ್ನ ಆಟೋದಲ್ಲಿ ಕಾಲು ಚಾಚಿ ಮಲಗಿದ್ದ.

"ಚಿಕ್ಕಜಾಲ. ಅನಂತರಾಜು ಲೇಔಟ್ ಆಫೀಸು."

ಮುಜಫ್ಫರ್ ಎದ್ದು ಕೂತ. "ಆ ಲೇಔಟಾ ಸಾರ್? ಬೇಡ ಸಾರ್. ಸರ್ವೆ ಆಗೋಗಿದೆ ಅಂತೆ. ಸೋಮವಾರ ಜೆಸಿಬಿ ಬರ್ತದಂತೆ."

ಶಿವರಾಮ್ ಆಟೋದ ಕಂಬಿ ಹಿಡಿದುಕೊಂಡರು. "ನಿನಗೂ ಗೊತ್ತಾ?"

"ಪಬ್ಲಿಕ್ ಎಲ್ಲಾ ಮಾತಾಡ್ತಿದೆ ಸಾರ್. ಆನೆ ಮುಳುಗೋ ಅಷ್ಟು ನೀರಿತ್ತಂತೆ ಮೊದ್ಲು. ನಿಮ್ದೇನಾದ್ರೂ ಸೈಟ್ ಇದೆಯಾ?"

"ನನ್ನ ಫ್ರೆಂಡ್‌ದು."

"ನಿಮ್ ಫ್ರೆಂಡ್‌ಗೆ ಹೇಳಿ ಸಾರ್, ದೋಣಿ ತಗೊಳ್ಳೋಕೆ."

ಮೂರು ಬೇರೆ ಬೇರೆ ಜನ, ಮೂರು ಬೇರೆ ಬೇರೆ ಜಾಗ, ಒಂದೇ ಸುದ್ದಿ. ಸಂಜೆ ಕಾಲೇಜಿನ ಮೇಷ್ಟ್ರು ಸ್ವರ್ಗದಿಂದಲೇ ತಲೆಯಾಡಿಸಿದ ಹಾಗಾಯಿತು. ಏರ್‌ಪೋರ್ಟ್ ರಸ್ತೆಯುದ್ದಕ್ಕೂ ಶಿವರಾಮ್ ಕಣ್ಣು ಮುಚ್ಚಿಕೊಂಡೇ ಕೂತಿದ್ದರು. ರೆಪ್ಪೆಯ ಹಿಂದೆ ಜೆಸಿಬಿಯ ಮೇಲೆ ಕೊಕ್ಕರೆ ಕೂತಿತ್ತು.

ಅನಂತರಾಜುವಿನ ಆಫೀಸು ಲೇಔಟಿನ ಬಾಗಿಲಲ್ಲೇ ಇತ್ತು. ಗಾಜಿನ ಕೋಣೆ, ಗೋಡೆಯ ಮೇಲೆ ಕಾರಂಜಿಯ ಚಿತ್ರ. ನೀರಿನ ಚಿತ್ರವನ್ನೇ ಯಾಕೆ ಹಾಕಿದ್ದಾನೆ ಎಂದು ಶಿವರಾಮ್‌ಗೆ ಅನ್ನಿಸದೆ ಇರಲಿಲ್ಲ.

"ಬನ್ನಿ ಸಾರ್, ಬನ್ನಿ. ಜ್ಯೂಸ್ ಹೇಳ್ಲಾ?"

"ಜ್ಯೂಸ್ ಬೇಡ. ನನ್ನ ಸೈಟ್ ಕ್ಯಾನ್ಸಲ್ ಮಾಡಿ."

ಅನಂತರಾಜುವಿನ ಮುಖದ ನಗು ಜಾರಲಿಲ್ಲ, ಸ್ವಲ್ಪ ವಾಲಿತು ಅಷ್ಟೆ. "ಯಾಕ್ ಸಾರ್? ಏನಾಯ್ತು ಹೇಳಿ. ನಾನ್ ನಿಮಗೆ ಗ್ಯಾರಂಟಿ..." ಅಷ್ಟರಲ್ಲಿ ತಲೆಯ ಮೇಲೆ ವಿಮಾನವೊಂದು ಹಾದುಹೋಗಿ, ಅವನ ಗ್ಯಾರಂಟಿಯೆಲ್ಲ ಅದರ ಜೊತೆ ದೆಹಲಿಗೋ ದುಬೈಗೋ ಹೊರಟುಹೋಯಿತು. ಸದ್ದು ಅಡಗುವ ಹೊತ್ತಿಗೆ ಅವನು ಮಾತು ಮುಗಿಸಿ ಉತ್ತರಕ್ಕೆ ಕಾಯುತ್ತಿದ್ದ.

ಕಾರಣ ಹೇಳಬೇಕಿತ್ತು. ಕೊಕ್ಕರೆ ಎಂಬ ಪದ ಶಿವರಾಮ್ ಅವರ ನಾಲಿಗೆಯ ತುದಿಗೆ ಬಂದು, ನಾಚಿಕೊಂಡು, ಹಿಂದಕ್ಕೆ ಹೋಯಿತು. ಐವತ್ತೆಂಟು ವರ್ಷದ ಮನುಷ್ಯ ಒಂದು ಹಕ್ಕಿಯನ್ನು ನೋಡಿ ಹೆದರಿದೆ ಎಂದು ಹೇಗೆ ಹೇಳುವುದು?

"ವೈಯಕ್ತಿಕ ಕಾರಣ" ಎಂದರು.

"ಅಗ್ರಿಮೆಂಟ್ ಪ್ರಕಾರ ಹತ್ತು ಪರ್ಸೆಂಟ್ ಕಟ್ ಆಗುತ್ತೆ ಸಾರ್. ನಲವತ್ತು ಸಾವಿರ. ರೇಟ್ ಬೇರೆ ಮೇಲೇರ್ತಿದೆ. ಒಂದ್ಸಲ ಯೋಚ್ನೆ ಮಾಡಿ."

ಶಿವರಾಮ್ ಯೋಚನೆ ಮಾಡಿದರು. ಆನೆ ಮುಳುಗುವ ನೀರಿನಿಂದ ಮೂರು ಲಕ್ಷ ಅರವತ್ತು ಸಾವಿರ ಈಜಿ ದಡ ಸೇರುತ್ತದೆ. ಬರೀ ನಲವತ್ತು ಸಾವಿರ ಒದ್ದೆಯಾಗುತ್ತದೆ. "ಚೆಕ್ ಬರೀರಿ. ಇನ್ನೊಂದು ವಿಷಯ, ನಮ್ಮ ಮನೇಲಿ ಇದು ಗೊತ್ತಾಗ್ಬಾರ್ದು."

"ನಿಮ್ಮನೇಲಿ ಇರ್ಲಿ ಸಾರ್, ನನ್ ಹೆಂಡ್ತಿಗೂ ಹೇಳಲ್ಲ ನಾನು ನಿಮ್ಮ ಹೆಸರನ್ನ" ಎಂದು ಅನಂತರಾಜು ಎದೆಯ ಮೇಲೆ ಕೈಯಿಟ್ಟ.

ಚೆಕ್ಕು ಅಂಗಿಯ ಜೇಬು ಸೇರಿದ ಮೇಲೆ ಶಿವರಾಮ್ ಹೂವಿನಂತೆ ಹಗುರಾದರು. ಹಿಂತಿರುಗುವಾಗ ಮುಜಫ್ಫರ್ ಗ್ಯಾಸ್ ಹಾಕಿಸಲು ಉದ್ದನೆಯ ಸಾಲಿನಲ್ಲಿ ನಿಂತರೂ ಬೇಸರಿಸಲಿಲ್ಲ. ಅವನಿಗೆ ಊಟ ಕೊಡಿಸಿದರು, ತಾವೂ ಜಾಮೂನು ತಿಂದರು. ಹಳೇ ಯಲಹಂಕದ ತಮ್ಮ ಬೀದಿ ತಲುಪುವ ಹೊತ್ತಿಗೆ ಬಿಸಿಲು ಇಳಿದಿತ್ತು. ಬಾಡಿಗೆಯ ಮೇಲೆ ನೂರು ರೂಪಾಯಿ ಜಾಸ್ತಿ ಕೊಟ್ಟು, "ನೀನು ಹೇಳಿದ್ದು ಒಳ್ಳೇದಾಯ್ತಪ್ಪ. ನಿನಗೆ ಯಾರು ಹೇಳಿದ್ದು?" ಎಂದರು.

"ದ್ರೌಪದಮ್ಮ ಸಾರ್. ಬೆಳಿಗ್ಗೆ ಮಾರ್ಕೆಟ್ಟಿಂದ ನಾನೇ ಕರ್ಕೊಂಡ್ ಬಂದೆ."

ಎರಡನೆಯದೂ ಮೂರನೆಯದೂ ಒಂದೇ ವೋಚರಿನ ಕಾಪಿ. ಕಾಲು ತಾನಾಗಿ ದ್ರೌಪದಮ್ಮನ ಗೇಟಿಗೆ ನಡೆಯಿತು.

"ನಂಗೆ ಚಿಕ್ಕಮುನಿಯಪ್ಪ ಹೇಳ್ದ" ಎಂದಳು ಆಕೆ, ಅಕ್ಕಿಯ ಮೊರದಿಂದ ತಲೆ ಎತ್ತದೆ. "ಯಾಕಪ್ಪ ಬೆವರ್ತಿದೀಯ?"

ಟೀ ಅಂಗಡಿಯ ಬೆಂಚಿಗೆ ಶಿವರಾಮ್ ಓಡಿಯೇ ಹೋದರು. ಚಿಕ್ಕಮುನಿಯಪ್ಪ ಅಲ್ಲೇ ಇದ್ದ, ಸಂಜೆಯ ಟೀ ಕೈಯಲ್ಲಿತ್ತು.

"ಮುನಿಯಪ್ಪಣ್ಣ, ಕೆರೆ ವಿಷಯ ನಿನಗೆ ಯಾರು ಹೇಳಿದ್ದು?"

"ಇದೊಳ್ಳೆ ಸರಿ. ನೀವೇ ಅಲ್ವಾ ಸಾಮಿ, ಬೆಳಗ್ಗೆ ಇಲ್ಲೇ ಕುಂತ್ಕಂಡು ಯೇಳಿದ್ದು?"

"ನಾನು ಕೇಳಿದ್ದು. ಹೇಳಿದ್ದಲ್ಲ."

"ಎಲ್ಡೂ ಒಂದೇ ಅಲ್ವಾ. ಅದೇನೋ ಫ್ರೆಂಡು ಅಂದ್ರಿ."

"ಮತ್ತೆ ಆ ಸರ್ವೆ? ಜೆಸಿಬಿ? ಆನೆ?"

"ಅದು ನಮ್ದಲ್ಲ ಸಾಮಿ. ದ್ರೌಪದಮ್ಮ ಆಕಿರ್ಬೇಕು. ಆಯಮ್ಮ ಒಗ್ಗರಣೆ ಆಕ್ದೆ ಏನನ್ನೂ ಬಡ್ಸಾಕಿಲ್ಲ."

ಶಿವರಾಮ್ ಬೆಂಚಿನ ಮೇಲೆ ಕೂತರು. "ಹಾಗಾದ್ರೆ ಆ ಜಾಗ?"

"ಅದಾ? ಅನಂತರಾಜು ಅಪ್ಪ ಚಿಕ್ಕಬೈರಪ್ಪನ ರಾಗಿ ಒಲ. ನಮ್ಮಕ್ಕನ್ನ ಕೊಟ್ಟಿದ್ದು ಆ ಊರ್ಗೇನೆ. ಕೆರೆ ಎಲ್ಲಿಂದ ಬತ್ತದೆ, ಬಾವಿ ತೋಡುದ್ರೂ ನೀರ್ ಬರ್ನಿಲ್ಲ ಅಲ್ಲಿ."

"ಇದನ್ನ ಬೆಳಿಗ್ಗೆ ಯಾಕಪ್ಪ ಹೇಳ್ಲಿಲ್ಲ?"

"ಫ್ರೆಂಡು ಕೇಳ್ತಾವ್ರೆ ಅಂದ್ರಲ್ಲ. ನೀವು ಕೇಳಿದ್ರೆ ಯೇಳ್ತಿದ್ದೆ."

ಶಿವರಾಮ್ ಅಲ್ಲಿಂದಲೇ ಫೋನ್ ಒತ್ತಿದರು. "ಅನಂತರಾಜು ಅವರೇ, ಒಂದು ತಪ್ಪಾಯ್ತು. ಹದಿನಾಲ್ಕನೇ ನಂಬರ್ ನನಗೇ ಇರ್ಲಿ. ಚೆಕ್ ವಾಪಸ್ ತರ್ತೀನಿ."

ಆ ಕಡೆಯಿಂದ ಒಂದು ಕೆಮ್ಮು ಬಂತು. "ಸೈಟು ಹೋಯ್ತು ಸಾರ್. ನೀವು ಹೋದ್ಮೇಲೆ ಒಬ್ರು ಬಂದು ಬುಕ್ ಮಾಡೇಬಿಟ್ರು." ಇನ್ನೊಂದು ಕೆಮ್ಮು. "ಚಿಂತೆ ಮಾಡ್ಬೇಡಿ ಸಾರ್. ಒಳ್ಳೆ ಮನೆಯೋರಿಗೇ ಹೋಗಿದೆ."

ಮನೆಯ ಬಾಗಿಲಲ್ಲಿ ಧನಲಕ್ಷ್ಮಿ ಹಬ್ಬದ ಸೀರೆಯಲ್ಲಿ ನಿಂತಿದ್ದಳು. ಕರಿಬೇವು ಎಲ್ಲಿ ಎಂದು ಕೇಳಲಿಲ್ಲ. ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಅಂಗೈಯಲ್ಲಿ ಒಂದು ಮೈಸೂರುಪಾಕು ಇಟ್ಟಳು.

"ರೀ, ಬೈಬಾರ್ದು. ನಿಮ್ಮನ್ನ ಕೇಳ್ಕೊಂಡು ಮಾಡೋ ಕೆಲಸ ಇದಲ್ಲ, ಅದಕ್ಕೇ ನಾನೇ ಮಾಡ್ದೆ. ನನ್ನ ಹೆಸರಲ್ಲಿದ್ದ ಎಫ್‌ಡಿ ಮುರಿಸಿಬಿಟ್ಟೆ."

ಶಿವರಾಮ್ ಏನೂ ಮಾತಾಡದೆ ಕುರ್ಚಿಯಲ್ಲಿ ಕೂತಿದ್ದರು. ಅಭ್ಯಾಸ ಮಾಡಿದ್ದು ಹೀಗೆಯೇ ಇತ್ತು.

"ಸೈಟು ತಗೊಂಡೆ ಕಣ್ರೀ. ಅನಂತರಾಜು ಹೆಂಡ್ತಿ ರಮ್ಯ ನಮ್ಮ ಭಜನೆಗೆ ಬರ್ತಾಳಲ್ಲ, ಮಧ್ಯಾಹ್ನ ಫೋನ್ ಮಾಡಿದ್ಲು. ಒಂದು ಒಳ್ಳೆ ಸೈಟು ಇವತ್ತು ಖಾಲಿ ಆಯ್ತಕ್ಕ, ನಾಳೆಗೆ ಉಳಿಯಲ್ಲ ಅಂದ್ಲು. ಅವಳೇ ಕಾರಲ್ಲಿ ಬ್ಯಾಂಕಿಗೂ ಲೇಔಟಿಗೂ ಕರ್ಕೊಂಡ್ ಹೋದ್ಲು. ರೇಟ್ ಏರಿದೆಯಂತೆ, ಅಡ್ವಾನ್ಸೇ ನಾಲ್ಕೂವರೆ. ಮಿಕ್ಕದ್ದು ನಿಮ್ಮ ಪಿ.ಎಫ್. ಬಂದ್ಮೇಲೆ."

ರಸೀದಿಯನ್ನು ಮಡಿಲಿಗಿಟ್ಟಳು. ಸೈಟ್ ನಂಬರ್ ಹದಿನಾಲ್ಕು.

"ಗಂಡನ ಹೆಸರು ಬರೆಸಿದಾಗ ಆ ಅನಂತರಾಜುಗೆ ಯಾಕೋ ಕೆಮ್ಮು ಹತ್ತಿ ಬಿಡಲೇ ಇಲ್ಲ. ನಾನೇ ನೀರು ಕೊಟ್ಟೆ."

"ಅಲ್ಲಿ..." ಎಂದರು ಶಿವರಾಮ್. "ಅಲ್ಲಿ ಕೊಕ್ಕರೆ..."

"ನಿಮಗೆ ಹೇಗ್ರೀ ಗೊತ್ತು? ನಾನೂ ನೋಡ್ದೆ, ಎಷ್ಟು ಚೆನ್ನಾಗಿದೆ. ರಮ್ಯಳ ಮಾವ ದಿನಾ ಹಸು ಮೇಯಿಸೋದು ನಮ್ಮ ಸೈಟಲ್ಲೇ ಅಂತೆ. ಹಸು ಕಾಲ ಕೆಳಗಿನ ಹುಳ ತಿನ್ನೋಕೆ ಕೊಕ್ಕರೆ ಬರುತ್ತೆ, ಹಸು ಮನೆಗೆ ಹೋದ್ರೂ ಅದು ಅಲ್ಲೇ ನಿಂತಿರುತ್ತೆ."

ಶಿವರಾಮ್ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಬೆಳಿಗ್ಗೆ ಏಳುವಾಗ ಒಂದು ಎಫ್‌ಡಿ ಇತ್ತು, ಹದಿನಾಲ್ಕನೇ ನಂಬರಿನ ಸೈಟಿತ್ತು. ಜೇಬಿನ ಚೆಕ್ಕನ್ನು ಸೋಮವಾರ ಬ್ಯಾಂಕಿಗೆ ಹಾಕಿದರೆ ಮತ್ತೆ ಒಂದು ಎಫ್‌ಡಿ ಇರುತ್ತದೆ, ಹದಿನಾಲ್ಕನೇ ನಂಬರಿನ ಸೈಟಿರುತ್ತದೆ. ಅರ್ಧ ಭದ್ರ, ಅರ್ಧ ಬೆಳೆಯುವುದು. ಟೈ ಕಟ್ಟಿದ ಮಹಾಶಯ ಹೇಳಿದ ಹಾಗೇ. ಎಫ್‌ಡಿ ಸಣ್ಣದಾಗಿರುತ್ತದೆ, ಸೈಟು ದುಬಾರಿಯಾಗಿರುತ್ತದೆ, ಅದರ ಕೀರ್ತಿ ಬೇರೆಯವರದಾಗಿರುತ್ತದೆ, ಅಷ್ಟೆ. ಮತ್ತೆ ಚೆಕ್ಕು ಎಲ್ಲಿಂದ ಬಂತೆಂದು ಹೇಳಬೇಕಾಗುತ್ತದೆ.

ಧನಲಕ್ಷ್ಮಿ ಪಕ್ಕದಲ್ಲಿ ಕೂತು ದನಿ ತಗ್ಗಿಸಿದಳು. "ಅದ್ಯಾರೋ ಬುಕ್ ಮಾಡಿದ್ದವನು ಯಾತಕ್ಕೋ ಹೆದ್ರಿಕೊಂಡು, ನಲವತ್ತು ಸಾವಿರ ಕಳ್ಕೊಂಡು ಬಿಟ್ಟು ಹೋದ್ನಂತೆ. ಹೆಸರು ಮಾತ್ರ ಅನಂತರಾಜು ಬಾಯಿ ಬಿಡಲ್ಲವಂತೆ. ದಾರಿಯುದ್ದಕ್ಕೂ ನನಗೆ ಅದೇ ಯೋಚನೆ ಕಣ್ರೀ. ಅಂಥವನನ್ನ ಕಟ್ಕೊಂಡ ಹೆಂಗಸು ಯಾರೋ, ಪಾಪ."

ಶಿವರಾಮ್ ಮೈಸೂರುಪಾಕನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡರು.