ಅಂದಾನಪ್ಪ ಮಾಸ್ತರರ ಅತಿಥಿವಾಸ

ವಿದೇಶದಲ್ಲಿ ಸೇವೆ ಸಲ್ಲಿಸಬಯಸುವ ಪ್ರತಿಯೊಬ್ಬ ಸ್ವಯಂಸೇವಕನೂ ಹೊರಡುವ ಮುನ್ನ ಮೂರು ತಿಂಗಳು ಆತಿಥೇಯ ಕುಟುಂಬವೊಂದರಲ್ಲಿ ವಾಸವಿದ್ದು, ಆ ಮನೆಯ ರೀತಿ-ರಿವಾಜುಗಳಿಗೆ ಹೊಂದಿಕೊಳ್ಳುವುದನ್ನು ಕಲಿಯತಕ್ಕದ್ದು ಎಂಬುದು ಕಡಲಾಚೆ ಸೇವಾ ಸಂಸ್ಥೆಯ ನಿಯಮ. ಈ ನಿಯಮಕ್ಕೆ ಎಳ್ಳಷ್ಟೂ ಚ್ಯುತಿ ಬಾರದಂತೆ, ನಿವೃತ್ತ ಭೂಗೋಳ ಶಿಕ್ಷಕರಾದ ಶ್ರೀ ಅಂದಾನಪ್ಪನವರು ಒಂದು ಸೋಮವಾರ ಬೆಳಿಗ್ಗೆ ಕೈಯಲ್ಲಿ ಸೂಟ್‌ಕೇಸು ಹಿಡಿದು ಬಂದು, ಶಿರಸಿಯ ತಮ್ಮ ಸ್ವಂತ ಮನೆಯ ಬಾಗಿಲು ತಟ್ಟಿದರು.

ಇದು ಹೇಗಾಯಿತು ಎಂದು ಕೆಲವರು ಕೇಳುತ್ತಾರೆ. ಎಲ್ಲವೂ ಕ್ರಮಬದ್ಧವಾಗಿಯೇ ಆಯಿತು. ಮಾಸ್ತರರು ನೌಕರಿಯುದ್ದಕ್ಕೂ ಪೆಸಿಫಿಕ್ ಸಾಗರದ ದ್ವೀಪಗಳನ್ನು ನಕಾಶೆಯ ಮೇಲೆ ಕೋಲಿನಿಂದ ತೋರಿಸಿದವರೇ ಹೊರತು ಸ್ವತಃ ಹುಬ್ಬಳ್ಳಿಯಿಂದ ಆಚೆ ಹೋದವರಲ್ಲ. ಅಂಥದೇ ಒಂದು ದ್ವೀಪದ ಶಾಲೆಯಲ್ಲಿ ಭೂಗೋಳ ಹೇಳಲು ಸ್ವಯಂಸೇವಕರು ಬೇಕಾಗಿದ್ದಾರೆಂದು ಸಂಸ್ಥೆಯ ಯಲ್ಲಾಪುರ ಕಚೇರಿ ಪತ್ರಿಕೆಯಲ್ಲಿ ಪ್ರಕಟಿಸಿದಾಗ, ಕೋಲು ಮುಟ್ಟಿದ ಜಾಗವನ್ನು ಒಮ್ಮೆಯಾದರೂ ಕಾಲಿನಿಂದ ಮುಟ್ಟಬೇಕೆಂಬ ಆಸೆ ಅವರಿಗೆ ತಡೆಯದಾಯಿತು. ಅರ್ಜಿ ಹಾಕಿದರು. ಹೆಂಡತಿ ದಾಕ್ಷಾಯಿಣಿಗೆ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಆ ಮನೆಯಲ್ಲಿ ಮಾತಾಡುವ ರೂಢಿ ತಪ್ಪಿ ಬಹಳ ಕಾಲವಾಗಿತ್ತು, ಅಷ್ಟೇ.

ಅದೇ ಹಾಳೆಯ ಬೆನ್ನಿಗೆ ಅದೇ ಸಂಸ್ಥೆಯ ಇನ್ನೊಂದು ಪ್ರಕಟಣೆಯಿತ್ತು. ಆತಿಥೇಯ ಕುಟುಂಬಗಳು ಬೇಕಾಗಿವೆ. ಸ್ವಯಂಸೇವಕರು ಉಂಡ ತಟ್ಟೆಯನ್ನು ತಾವೇ ತೊಳೆಯತಕ್ಕದ್ದು, ದಿನವೂ ಸಂಜೆ ಒಂದು ತಾಸು ಮನೆಯವರೊಡನೆ ಕುಳಿತು ಮಾತಾಡತಕ್ಕದ್ದು. ಮಾಸ್ತರರು ಪತ್ರಿಕೆಯನ್ನು ಮುಖಕ್ಕೆ ಹಿಡಿದು ಓದುತ್ತಿದ್ದಾಗ ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದ ದಾಕ್ಷಾಯಿಣಿಯವರಿಗೆ ಕಂಡದ್ದು ಈ ಬದಿ. ಅವರೂ ಅರ್ಜಿ ಹಾಕಿದರು. ಅವರೂ ಹೇಳಲಿಲ್ಲ.

ಶಿರಸಿ ತಾಲ್ಲೂಕಿನಿಂದ ಬಂದ ಸ್ವಯಂಸೇವಕರು ಒಬ್ಬರೇ, ಕುಟುಂಬವೂ ಒಂದೇ. ಸ್ವಯಂಸೇವಕರನ್ನು ಅವರವರ ತಾಲ್ಲೂಕಿನಲ್ಲೇ ಇಡತಕ್ಕದ್ದೆಂದು ಮೇಲಿನವರ ಸುತ್ತೋಲೆಯಿತ್ತು. ಕಚೇರಿ ಇವರನ್ನು ಅವರಿಗೆ ಹಂಚಿತು. ಸಿದ್ದಾಪುರದಲ್ಲಿ ನಡೆದ ಪೂರ್ವಸಿದ್ಧತಾ ಶಿಬಿರದ ಕೊನೆಯಲ್ಲಿ ವಿಳಾಸ ಕೈಗೆ ಬಂದಾಗ ಮಾಸ್ತರರು ಸಂಯೋಜಕರಾದ ಉಮ್ಮಚಗಿಯ ಸುಜಯ ಹೆಗಡೆಯವರ ಬಳಿ ಹೋಗಿ, ಇದು ನನ್ನದೇ ಮನಿ ಐತಲ್ರೀ ಎಂದು ವಿನಂತಿಸಿಕೊಂಡರು. ಹೆಗಡೆಯವರು ನಿಯಮಾವಳಿಯನ್ನು ಮೊದಲ ಪುಟದಿಂದ ಓದಿದರು.

“ರಕ್ತಸಂಬಂಧಿಗಳ ಮನೆಯಲ್ಲಿ ಇರಬಾರದು ಅಂತ ಇದೆ ಮಾಸ್ತರ್ರೇ. ಹೆಂಡತಿ ಎಂತ ರಕ್ತಸಂಬಂಧಿ ಅಲ್ಲ. ಅಡ್ಡಿಲ್ಲೆ.”

ಹೀಗಾಗಿ ಸೋಮವಾರ ಬಾಗಿಲು ತಟ್ಟಲಾಯಿತು. ಹಿಂದೆ ಹೆಗಡೆಯವರು ಸಾಕ್ಷಿಯಾಗಿ ನಿಂತಿದ್ದರು. ದಾಕ್ಷಾಯಿಣಿಯವರು ಬಾಗಿಲು ತೆಗೆದು, ಬಂದವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳಗೆ ಹೋಗಿ ಬೆಲ್ಲ-ನೀರು ತಂದಿಟ್ಟರು. ಹೆಣ್ಣು ನೋಡಲು ಹೋದ ದಿನವನ್ನು ಬಿಟ್ಟರೆ ಮಾಸ್ತರರಿಗೆ ಅವರ ಕೈಯಿಂದ ಬೆಲ್ಲ-ನೀರು ಸಿಕ್ಕಿದ್ದು ಇದೇ ಮೊದಲು. ಆಮೇಲೆ ನಿಯಮದಂತೆ ಪರಿಚಯ ನಡೆಯಿತು.

“ಮನ್ಯಾಗ ಯಾರ್ಯಾರ ಅದೀರಿ?” ಎಂದು ದಾಕ್ಷಾಯಿಣಿಯವರು ಕೇಳಿದರು.

“ನಾನು, ನನ್ನ ಹೇಣ್ತಿ.”

“ಹೇಣ್ತಿ ಏನ್ ಮಾಡ್ತಾರ?”

ಮಾಸ್ತರರು ಬಹಳ ಹೊತ್ತು ವಿಚಾರ ಮಾಡಿದರು. “ಮನ್ಯಾಗ ಇರ್ತಾಳ.”

“ಇರ್ಲಿ ಬಿಡ್ರಿ. ಕಲ್ಯಾಕ ಬಂದೀರಲ್ಲ.”

ಅವರಿಗೆ ಅಕ್ಕಿ ಚೀಲಗಳಿದ್ದ ಹಿಂದಿನ ಕೋಣೆ ಕೊಡಲಾಯಿತು. ಟಿ.ವಿ. ಹಾಕುವ ಮುನ್ನ ಅಪ್ಪಣೆ ಕೇಳಬೇಕು, ಕೇಳಿದರು. ತಟ್ಟೆ ತೊಳೆಯಬೇಕು, ಮೊದಮೊದಲು ಒಂದೇ ಬದಿ ತೊಳೆದರು, ತಟ್ಟೆಗೆ ಎರಡು ಬದಿಗಳಿರುವುದನ್ನು ತೋರಿಸಿಕೊಟ್ಟ ಮೇಲೆ ಎರಡೂ ಬದಿ ತೊಳೆದರು. ಉಪ್ಪಿನ ಡಬ್ಬಿ ಸಿಕ್ಕ ದಿನ ಹೊಸ ಖಂಡ ಕಂಡವರಷ್ಟು ಸಂತೋಷಪಟ್ಟರು. ಸಂಜೆಯ ತಾಸಿನಲ್ಲಿ ಆತಿಥೇಯರ ಇತಿಹಾಸ ಸಂಗ್ರಹಿಸುತ್ತ ಹೋದಂತೆ, ಈ ಗೃಹಿಣಿ ಬನವಾಸಿಯ ಶಾಲೆಯಲ್ಲಿ ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತಿದ್ದರೆಂದೂ, ಅವರಿಗೆ ಉಪ್ಪಿಟ್ಟು ಕಂಡರಾಗದೆಂದೂ ತಿಳಿದುಬಂತು. ಮದುವೆಯಾದಂದಿನಿಂದ ಪ್ರತಿ ಭಾನುವಾರ ಆ ಮನೆಯಲ್ಲಿ ಮಾಸ್ತರರ ಅಪ್ಪಣೆಯಂತೆ ಆಗುತ್ತಿದ್ದದ್ದು ಉಪ್ಪಿಟ್ಟು. ಆತಿಥೇಯರು ಬಯಸಿದ ಸ್ಥಳಕ್ಕೆ ಒಂದು ಪ್ರವಾಸ ಹೋಗಬೇಕೆಂಬ ನಿಯಮವಿತ್ತು. ದಾಕ್ಷಾಯಿಣಿಯವರು ಕುಮಟೆಯ ಕಡಲು ಎಂದರು. ದೇವಿಮನೆ ಘಟ್ಟ ಇಳಿಯುವಾಗ ಬಸ್ಸಿನಲ್ಲಿ ಇಬ್ಬರೂ ನಕ್ಕದ್ದನ್ನು ಹಿಂದಿನ ಸೀಟಿನವರು ನೋಡಿದ್ದಾರೆ.

ಮೂರು ತಿಂಗಳಾದ ಮೇಲೆ ಹೆಗಡೆಯವರು ಮೌಲ್ಯಮಾಪನಕ್ಕೆ ಬಂದರು. ಆತಿಥೇಯರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಸ್ವಯಂಸೇವಕರು ಈ ಮನೆಯ ರೀತಿಗೆ ಹೊಂದಿಕೊಂಡಿದ್ದಾರೆಯೇ? ಹೌದೆಂದರೆ ವಿಮಾನ, ಇಲ್ಲವೆಂದರೆ ಇನ್ನೂ ಮೂರು ತಿಂಗಳು ತರಬೇತಿ.

“ಇಲ್ರೀ,” ಎಂದರು ದಾಕ್ಷಾಯಿಣಿ.

ಹೆಗಡೆಯವರು ತಟ್ಟೆಯ ಬಗ್ಗೆ ವಿಚಾರಿಸಿದರು, ಚೊಕ್ಕ ತೊಳೆಯುತ್ತಾರೆಂದು ಉತ್ತರ ಬಂತು. ಮಾತಿನ ಬಗ್ಗೆ ಕೇಳಿದರು, ಭಾಳ ಚಂದ ಆಡ್ತಾರೆಂದು ಉತ್ತರ ಬಂತು.

“ಮತ್ತೆ ಎಂತಕ್ಕೆ ಇಲ್ಲ ಅಂತೀರಿ?”

“ಈ ಮನಿ ಮಾಸ್ತರು ಎಂದೂ ತಟ್ಟಿ ತೊಳದವ್ರಲ್ಲ. ಕೂತು ಮಾತಾಡಿದವ್ರಲ್ಲ. ಉಂಡೇನ ಅಂತ ಕೇಳಿದವ್ರೂ ಅಲ್ಲ. ಇವ್ರಿಗೆ ಈ ಮನಿ ರೀತಿ ಇನ್ನೂ ಒಂದೂ ಬಂದಿಲ್ಲ ನೋಡ್ರಿ.”

ಈ ತರ್ಕದಲ್ಲಿ ಕಚೇರಿಗೆ ಯಾವ ದೋಷವೂ ಕಾಣಲಿಲ್ಲ. ಮಾಸ್ತರರು ನಪಾಸಾದರು.

ದ್ವೀಪದ ಶಾಲೆ ಶುರುವಾಗುವ ಹೊತ್ತಾಗಿತ್ತು. ಮಾಸ್ತರರ ಮುಖ ನೋಡಲಾರದೆ ಹೆಗಡೆಯವರು ಗೇಟಿನ ಬಳಿ ಕರೆದು, “ಒಂದೇ ಒಂದು ದಿನ ಹಳೇ ಥರ ಇದ್ದು ತೋರಿಸಿಬಿಡಿ. ಕೂತಲ್ಲಿಂದ ಚಾ ಅಂತ ಒಮ್ಮೆ ಕೂಗಿದರೂ ಸಾಕು. ನಾನೇ ನೋಡಿ ಪಾಸು ಮಾಡ್ತೆ,” ಎಂದರು.

ಶನಿವಾರ ಮರುಪರೀಕ್ಷೆ. ಮಾಸ್ತರರು ಹಳೆಯ ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಪತ್ರಿಕೆ ಹಿಡಿದರು. ಮೂಲೆಯಲ್ಲಿ ಹೆಗಡೆಯವರು ಪೆನ್ನು ಹಿಡಿದರು. ಎದುರಿನ ಗೋಡೆಯ ನಕಾಶೆಯಲ್ಲಿ, ಕೋಲು ತಾಗಿ ತಾಗಿ ಬಣ್ಣ ಹೋದ ಆ ದ್ವೀಪ ಕಾಣುತ್ತಿತ್ತು. ದಾಕ್ಷಾಯಿಣಿಯವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಗೇಟಿನ ಬಳಿಯ ಮಾತೆಲ್ಲ ಅವರಿಗೆ ಗೊತ್ತಿತ್ತು.

“ಚಾ ಕೇಳ್ರಿ, ಕೊಡ್ತೀನಿ,” ಎಂದರು. “ಹೋಗಬೇಕಂತ ಇದ್ರ ಹೋಗಿ ಬರ್ರಿ. ನಾ ತಡ್ಯಾಕಿ ಅಲ್ಲ.”

ಮಾಸ್ತರರು ಪತ್ರಿಕೆ ಮಡಚಿಟ್ಟು ಎದ್ದರು.

“ನಾನ ಮಾಡ್ತೀನ್ರಿ. ನಿಮಗ ಸಕ್ರಿ ಕಮ್ಮೀನೋ?”

ಹೆಗಡೆಯವರು ನಪಾಸೆಂದು ಬರೆದರು. ಆ ಚಹಾದಲ್ಲಿ ಅವರಿಗೂ ಒಂದು ಪಾಲು ಸಿಕ್ಕಿತು.

ಸುದ್ದಿ ವಾನಳ್ಳಿ, ಭೈರುಂಬೆಗಳಿಗೆ ಮುಟ್ಟಿತು. ಹೆಂಗಸರು ಆತಿಥೇಯರಾಗಿ ಅರ್ಜಿ ಹಾಕಿ, ಜೊತೆಗೇ ಗಂಡಂದಿರಿಂದ ಸ್ವಯಂಸೇವಕ ಅರ್ಜಿಗೂ ಸಹಿ ಮಾಡಿಸಿದರು. ಯಲ್ಲಾಪುರ ಕಚೇರಿ ದೇಶದಲ್ಲೇ ಅತಿ ಹೆಚ್ಚು ಜನ ತರಬೇತಿಯಲ್ಲಿರುವ ಕಚೇರಿಯೆಂದು ಹೆಸರು ಮಾಡಿ ಫಲಕವೊಂದನ್ನು ಪಡೆಯಿತು. ಸಿದ್ದಾಪುರದಲ್ಲಿ ಮಾತ್ರ ಒಬ್ಬರು ಮೊದಲ ಮೌಲ್ಯಮಾಪನದಲ್ಲೇ ಪಾಸಾದರು. ಮನೆಯ ರೀತಿ ಅವರಿಂದ ಒಂದು ದಿನವೂ ಬಿಟ್ಟುಹೋಗಿರಲಿಲ್ಲ. ಬೇಗ ಕಳಿಸಿಕೊಡಿರೆಂದು ಅವರ ಹೆಂಡತಿ ಕಚೇರಿಗೆ ಎಡತಾಕಿದ್ದರಿಂದ ದ್ವೀಪಕ್ಕೆ ಅವರೇ ಹೋದರು. ಅಲ್ಲಿ ಕೂತಲ್ಲಿಂದಲೇ ಚಹಾ ಕೇಳುತ್ತಿದ್ದಾರೆಂದು ವರದಿ ಬಂದಿದೆ.

ಮೊನ್ನೆ ಮನೆ ಮನೆಯ ಸಮೀಕ್ಷೆಗೆಂದು ಕಾವ್ಯಶ್ರೀ ಎಂಬ ಶಿಕ್ಷಕಿ ಬಂದಿದ್ದರು. ಬಾಗಿಲು ತೆಗೆದ ಮಾಸ್ತರರ ಕೈಗೆ ಚಪಾತಿ ಹಿಟ್ಟು ಮೆತ್ತಿತ್ತು. ಮನೆ ಯಜಮಾನರು ಇದ್ದಾರೆಯೇ ಎಂದು ಶಿಕ್ಷಕಿ ಕೇಳಿದರು. ಇಲ್ಲವೆಂದೂ, ತಾನು ತರಬೇತಿಗೆ ಬಂದವನೆಂದೂ ಮಾಸ್ತರರು ತಿಳಿಸಿದರು.

“ಯಜಮಾನ್ರು ಎಲ್ಲಿಗೆ ಹೋಗಿದಾರೆ?”

“ಹೊರದೇಶಕ್ಕ ಹೋಗ್ಯಾರವ್ವಾ,” ಎಂದು ಒಳಗಿಂದ ದಾಕ್ಷಾಯಿಣಿಯವರು ಹೇಳಿದರು.

ಶಿಕ್ಷಕಿ ಹಾಗೆಯೇ ಬರೆದುಕೊಂಡು, ವಾಪಸು ಯಾವಾಗ ಬರುತ್ತಾರೆಂದು ಕೇಳಿದರು.

ಮಾಸ್ತರರು ಅಡುಗೆಮನೆಯ ಕಡೆ ಒಮ್ಮೆ ನೋಡಿದರು. “ಸದ್ಯಕ್ಕ ಬರೂಹಂಗ ಕಾಣೂದಿಲ್ರಿ,” ಎಂದು ಹೇಳಿ, ಬಂದವರಿಗೆ ಬೆಲ್ಲ-ನೀರು ತರಲು ಒಳಗೆ ಹೋದರು.