ಪ್ಯಾಕೇಜಿನ ಮುಂಬಾಗಿಲು ಯಾವುದೆಂದು ಕೇಳಿ

ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಪ್ಯಾಕೇಜೊಂದನ್ನು ಕಟ್ಟಿ, ಲೋಕದವರೆಲ್ಲ ಬಳಸಲೆಂದು ಪುಕ್ಕಟೆಯಾಗಿ ಹಂಚಿರುವ ಮಹನೀಯರ ಸನ್ನಿಧಾನಕ್ಕೆ,

ಮಾನ್ಯರೇ,

ದೇವರು ತಮ್ಮನ್ನೂ ತಮ್ಮ ಕಂಪ್ಯೂಟರುಗಳನ್ನೂ ಚೆನ್ನಾಗಿಟ್ಟಿರಲಿ. ನಾನು ಹೊಲಿಗೆ ಅಂಗಡಿ ನಡೆಸುವವಳು, ಹಳ್ಳಿ ಶಾಲೆಯಲ್ಲಿ ಕಲಿತಷ್ಟೇ ವಿದ್ಯೆ. ಮಾತು ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಅತ್ತೆಯವರಿಗೆ ಕಣ್ಣು ಕಾಣಿಸದು. ಬೆಳಗಿನ ಪ್ರಾರ್ಥನೆ ಕಿವಿಗೆ ಬೀಳದೆ ಅವರು ತುತ್ತು ಮುಟ್ಟುವುದಿಲ್ಲ, ಮಾತ್ರೆಯನ್ನೂ ನುಂಗುವುದಿಲ್ಲ. ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುವ ನನ್ನ ನಾದಿನಿ ತನ್ನ ತಾಯಿಗಾಗಿ ಒಂದು ಪುಟ್ಟ ಪ್ರೋಗ್ರಾಂ ಬರೆದು, ನಿಧಾನವಾಗಿ ಓದುವ ದನಿಯನ್ನು ತಮ್ಮ ಪ್ಯಾಕೇಜಿನಿಂದ ಇಂಪೋರ್ಟ್ ಮಾಡಿಕೊಂಡಿದ್ದಳು, ಅಂದರೆ ಹೆಸರು ಹಿಡಿದು ಕರೆಸಿಕೊಂಡಿದ್ದಳು. ಮೊನ್ನೆ ತಾವು ಹೊಸ ಆವೃತ್ತಿ ಹೊರತಂದಿರಿ. ನಾದಿನಿ ಅದನ್ನು ಹಾಕಿಕೊಂಡ ಮರುದಿನ ಪ್ರಾರ್ಥನೆಯ ಬದಲು, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂಬರ್ಥದ ಕೆಂಪಕ್ಷರ ಮೂಡಿತು. ಅತ್ತೆಯವರು ಕೈಮುಗಿದು ಕುಳಿತೇ ಇದ್ದರು.

ನಾದಿನಿ ತಮಗೆ ಬರೆದಳು. ಆ ಹೆಸರು ಒಳಗಿನ ಫೈಲಿನದು, ಹೊರಗಿನವರಿಗಾಗಿ ಇಟ್ಟದ್ದಲ್ಲ, ಬೇಕೆಂದಾಗ ಕಿತ್ತುಹಾಕುವುದು ತಮ್ಮ ಹಕ್ಕು ಎಂದು ಉತ್ತರ ಬಂತು. ಹಾಗಾದರೆ ಹೊರಗಿನವರಿಗಾಗಿ ಇಟ್ಟ ಹೆಸರು ಯಾವುವು ಎಂದು ಕೇಳಿದ್ದಕ್ಕೆ, ಕೋಡ್ ಓದಿ ತಿಳಿದುಕೊಳ್ಳಿ ಎಂದಿರಿ. ಅವಳು ತಲೆ ಮೇಲೆ ಕೈಹೊತ್ತು, "ಅತ್ತಿಗೆ, ಹೊರಗಿನವರಿಗೆ ಅಂತ ಇಟ್ಟ ಹೆಸರೆಲ್ಲ ಬರೆದಿಡಬೇಕಾದ ಮೊದಲನೇ ಫೈಲೇ ಖಾಲಿ. ಕೈಪಿಡೀಲಿ ಬರೀ ಸ್ವಾಗತ. ಒಳಗಿನ ಹೆಸರಿನ ಮುಂದೆ ಒಂದು ಅಡಿಗೆರೆ ಹಾಕೋದು ವಾಡಿಕೆ, ಅದೂ ಇಲ್ಲ. ನನಗೇನು ಕನಸು ಬೀಳ್ಬೇಕಿತ್ತಾ?" ಎಂದಳು.

ಹೆಸರುಗಳ ವಿಷಯದಲ್ಲಿ ತಮ್ಮ ಈ ಮೌನ ಸಾಮಾನ್ಯದ್ದಲ್ಲ. ದೇವರಾದರೂ ಮಾಡಬೇಕಾದ್ದು, ಮಾಡಬಾರದ್ದು ಎಂದು ಮೊದಲೇ ಬರೆಸಿಟ್ಟುಬಿಟ್ಟ. ತಾವು ಅಂಥ ದೌರ್ಬಲ್ಯಕ್ಕೆ ಒಳಗಾಗದೆ, ನಾವು ತಪ್ಪಿದ ಮೇಲಷ್ಟೇ ನಿಯಮ ತಿಳಿಸುತ್ತೀರಿ. ನನ್ನ ಅಂಗಡಿಯಲ್ಲಿ ಅಳತೆ ತೆಗೆಯುವ ಜಾಗಕ್ಕೂ ಒಳಕೋಣೆಗೂ ನಡುವೆ ಪರದೆ ಇಲ್ಲದಿದ್ದಾಗ, ಗಿರಾಕಿಗಳು ಕತ್ತರಿಸಿಟ್ಟ ಬಟ್ಟೆಯ ಮೇಲೇ ಬಂದು ಕೂರುತ್ತಿದ್ದರು. ಅವರನ್ನು ಬೈಯಬಹುದೆಂಬ ಬುದ್ಧಿ ನನಗೆ ಹೊಳೆಯದೆ, ಹೋಗಿ ಪರದೆ ಕಟ್ಟಿಸಿದೆ.

ಸದ್ಯ ಪ್ರಾರ್ಥನೆಯನ್ನು ನಾನೇ ಓದುತ್ತಿದ್ದೇನೆ. "ನಿಧಾನ ಕಣಮ್ಮ, ಬಸ್ಸೇನಾದ್ರೂ ಹೊರಟುಹೋಗ್ತಿದೆಯಾ? ಆ ಯಂತ್ರ ದೇವರ ಹೆಸರು ಬಂದ್ರೆ ಒಂದು ಉಸಿರು ನಿಲ್ತಿತ್ತು," ಎಂದು ಅತ್ತೆಯವರು ಅರ್ಧಕ್ಕೇ ಎದ್ದು, ತಟ್ಟೆಯನ್ನೂ ಮಾತ್ರೆಯನ್ನೂ ಒಟ್ಟಿಗೆ ತಳ್ಳುತ್ತಾರೆ. ಮನೆಗೆ ಬಂದ ಡಾಕ್ಟರಮ್ಮ ಬೈದದ್ದು ನನಗೆ, ತಮಗಲ್ಲ.

ಆದ್ದರಿಂದ ವಿನಂತಿ. ಆ ಖಾಲಿ ಫೈಲಿನಲ್ಲಿ ನಾವು ಕರೆಯಬಹುದಾದ ಹೆಸರುಗಳನ್ನು ಬರೆಯಿರಿ. ಯಾವುದು ಏನು ಮಾಡುತ್ತದೆಂದು ಕೈಪಿಡಿಯಲ್ಲಿ ಒಂದೊಂದು ಸಾಲು ಸೇರಿಸಿ. ಒಂದನ್ನು ತೆಗೆಯುವ ಮುಂಚೆ ಒಂದು ಆವೃತ್ತಿಯಷ್ಟಾದರೂ ಎಚ್ಚರಿಕೆ ಕೊಡಿ. ಇದು ತಮ್ಮ ಘನತೆಗೆ ಕಡಿಮೆಯೆನಿಸಿದರೆ, ತಮ್ಮಲ್ಲೊಬ್ಬರು ಬೆಳಿಗ್ಗೆ ಬೆಳಿಗ್ಗೆ ನಮ್ಮ ಮನೆಗೆ ಬಂದು, ದೇವರ ಹೆಸರಿಗೆ ಉಸಿರು ನಿಲ್ಲಿಸುತ್ತಾ ಓದಿ ಹೋಗಬಹುದು. ಅದೂ ಆಗದಿದ್ದರೆ, ಮುಂದಿನ ಆವೃತ್ತಿ ಬರುವವರೆಗೆ ಬೆಳಗಾಗದಂತೆ ಮೇಲಿನವನಿಗೆ ಒಂದು ಶಿಫಾರಸು ಬರೆಯಿರಿ.

ಇಂತಿ, ಒಳಗೆ ಬರಬಹುದೋ ಬಾರದೋ ತಿಳಿಯದೆ ನಿಂತಿರುವ
ತಮ್ಮ ವಿಶ್ವಾಸಿ,
ಹೊಲಿಗೆ ಅಂಗಡಿಯವಳು

ವಿ.ಸೂ.: ಇಷ್ಟು ಬರೆಯುವಷ್ಟರಲ್ಲಿ ನಾದಿನಿ ತಮ್ಮ ಹೊಸದನ್ನು ಕಿತ್ತು ಹಳೆಯ ಆವೃತ್ತಿಯನ್ನೇ ಹಾಕಿದ್ದಾಳೆ; ಅತ್ತೆಯವರು ಇಂದು ತಟ್ಟೆ ಖಾಲಿ ಮಾಡಿದರು. ಊಟಕ್ಕೆ ಮುಂಚೆ, ಇಷ್ಟಕ್ಕೆಲ್ಲ ಕಾರಣರಾದವರನ್ನೂ ದೇವರ ಮುಂದೆ ನೆನೆಯಬೇಕೆಂದು ತಮ್ಮ ಹೆಸರು ಕೇಳಿದರು. ನಮಗೆ ಗೊತ್ತಿಲ್ಲವೆಂದರೂ ಬಿಡದೆ ನೆನೆದರು, ತುಟಿ ಬಹಳ ಹೊತ್ತು ಅಲ್ಲಾಡುತ್ತಿತ್ತು. ಒಳ್ಳೆಯದನ್ನು ಬೇಡಲು ಅವರಿಗೆ ಅಷ್ಟು ಹೊತ್ತು ಹಿಡಿಯುವುದಿಲ್ಲ.